ಆಳೂ ತಾನೇ, ಅರಸೂ ತಾನೇ

ಹೆಣ್ಣು ಕೊಡುವ ಮನೆಯ ಹಿರಿಯರು ವರನ ವಿಚಾರವಾಗಿ ಮಾತಿಗೆ ಕುಳಿತಾಗ ಕೇಳುವ ಮೊದಲನೆಯ ಪ್ರಶ್ನೆ, ‘ಹುಡುಗನಿಗೆ ಏನು ಕೆಲಸ?’ ಎಂಬುದು. ಸರ್ಕಾರದ ಕಚೇರಿಯಲ್ಲಿ ಗುಮಾಸ್ತೆ ಎಂದರೆ ಮುಖಗಳು ಅರಳುತ್ತವೆ. ಬ್ಯಾಂಕಿನ ನೌಕರಿ ಎಂದರೆ ಜಾತಕವನ್ನು ತರಿಸುವ ಆತುರ ಹೆಚ್ಚುತ್ತದೆ. ‘ಸ್ವಂತ ಕಸುಬು’ ಎಂಬ ಉತ್ತರ ಬಂದರೆ ಮಾತ್ರ ಒಂದು ಗಳಿಗೆ ಎಲ್ಲರೂ ಸುಮ್ಮನಾಗುತ್ತಾರೆ. ಆಮೇಲೆ ಯಾರಾದರೊಬ್ಬರು ಮೆಲ್ಲನೆ, ‘ಅದರಲ್ಲಿ ತಿಂಗಳಿಗೆ ಎಷ್ಟು ಬರುತ್ತದೆ?’ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ನಿಶ್ಚಯವಾದ ಉತ್ತರ ಅಲ್ಲಿ ಯಾರಲ್ಲಿಯೂ ಇರುವುದಿಲ್ಲ. ಆ ಕಸುಬುದಾರನಲ್ಲಿಯೂ ಇರುವುದಿಲ್ಲ. ಸೋಜಿಗವೇನೆಂದರೆ, ಅದೇ ಹಿರಿಯರು ಜಗುಲಿಯ ಮೇಲೆ ಕುಳಿತು ಮಕ್ಕಳಿಗೆ ಬುದ್ಧಿ ಹೇಳುವಾಗ, ಪರರ ಕೈಕೆಳಗೆ ಬಾಳುವುದು ಎಷ್ಟು ಹೀನವೆಂದೂ, ಸ್ವತಂತ್ರನಾಗಿ ಗಂಜಿ ಕುಡಿಯುವುದು ಎಷ್ಟು ಮೇಲೆಂದೂ ವರ್ಣಿಸಿರುತ್ತಾರೆ. ಸ್ವಾತಂತ್ರ್ಯವನ್ನು ಹೊಗಳುವುದೂ ಸಂಬಳವನ್ನು ಬಯಸುವುದೂ ಒಂದೇ ನಾಲಿಗೆಯಿಂದ ನಡೆಯುತ್ತವೆ. ಇದನ್ನು ಕಪಟವೆಂದು ತಳ್ಳಿಹಾಕುವುದು ಸುಲಭ. ಆದರೆ ಈ ಇಬ್ಬಗೆಯ ಮಾತಿನ ಬುಡದಲ್ಲಿ ಒಂದು ನಿಜವಾದ ಧರ್ಮಸಂದೇಹವಿದೆ. ತನ್ನ ದುಡಿಮೆಗೆ ತಾನೇ ಒಡೆಯನಾದವನು ಸ್ವತಂತ್ರನೇ? ಸ್ವತಂತ್ರನಾದರೆ, ಆ ಸ್ವಾತಂತ್ರ್ಯದ ಬೆಲೆಯನ್ನು ತೆರುವವರು ಯಾರು?

ಸಂದೇಹ ಇಂದಿನದಲ್ಲ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದ ಮೊದಲಿನಲ್ಲಿಯೇ ಬ್ರಾಹ್ಮಣ ಗೃಹಸ್ಥನ ಜೀವನೋಪಾಯಗಳಿಗೆ ಒಂದೊಂದು ಹೆಸರನ್ನು ಕೊಟ್ಟಿದೆ. ಹೊಲದಲ್ಲಿ ಉದುರಿದ ಕಾಳನ್ನೂ ತೆನೆಯನ್ನೂ ಆಯ್ದು ತಂದು ಜೀವಿಸುವುದಕ್ಕೆ ‘ಋತ’ವೆಂದು ಹೆಸರು. ವ್ಯಾಪಾರಕ್ಕೆ ‘ಸತ್ಯಾನೃತ’ವೆಂದು ಹೆಸರು, ಅಂದರೆ ನಿಜವೂ ಸುಳ್ಳೂ ಬೆರೆತದ್ದು. ಪರಸೇವೆಗಾದರೋ ‘ಶ್ವವೃತ್ತಿ’, ನಾಯಿಯ ಬಾಳು, ಎಂಬ ಹೆಸರು. ಆ ಗ್ರಂಥದ ಸಮಾಜನೀತಿಯನ್ನು ಇಂದು ಯಾರೂ ಒಪ್ಪಬೇಕಾದುದಿಲ್ಲ. ಸೇವೆಯನ್ನು ನಾಯಿಯ ಬಾಳೆಂದು ಹಳಿದ ಗ್ರಂಥವೇ ಒಂದು ವರ್ಣಕ್ಕೆ ಸೇವೆಯನ್ನೇ ಧರ್ಮವೆಂದು ವಿಧಿಸಿತು. ಆದರೂ ಈ ಹೆಸರುಗಳಲ್ಲಿ ಒಂದು ಸೂಕ್ಷ್ಮ ಅಡಗಿದೆ. ಸೇವೆಯನ್ನು ಹಳಿದವರು ಸ್ವಂತ ವ್ಯಾಪಾರಕ್ಕೆ ಶುದ್ಧವಾದ ಪ್ರಶಸ್ತಿಪತ್ರವನ್ನೇನೂ ಕೊಡಲಿಲ್ಲ. ಒಡೆಯನ ಅಧೀನವನ್ನು ತಪ್ಪಿಸಿಕೊಂಡವನು ಸುಳ್ಳಿನ ಅಧೀನಕ್ಕೆ ಬೀಳಬಹುದೆಂಬ ಎಚ್ಚರಿಕೆ ‘ಸತ್ಯಾನೃತ’ವೆಂಬ ಒಂದೇ ಪದದಲ್ಲಿದೆ. ಸ್ವಂತ ಕಸುಬಿನ ವಿಚಾರ ಮಾಡುವವರು ಈ ಎಚ್ಚರಿಕೆಯಿಂದಲೇ ಹೊರಡುವುದು ಒಳ್ಳೆಯದು.

ಸ್ವಂತ ಕಸುಬುಳ್ಳವನಿಗೆ ಒಡೆಯನಿಲ್ಲವೆಂಬುದು ಹೊರಗಿನವರ ಭ್ರಾಂತಿ. ಕಚೇರಿಯ ನೌಕರನಿಗೆ ಒಬ್ಬನೇ ಅಧಿಕಾರಿ. ಅವನ ಹೆಸರು, ಕೋಪ, ರಜೆಯ ದಿನ ಎಲ್ಲವೂ ಗೊತ್ತು. ಬೀದಿಯ ಮೂಲೆಯಲ್ಲಿ ಹೊಲಿಗೆಯ ಅಂಗಡಿಯಿಟ್ಟವನಿಗೆ ಅಳತೆ ಕೊಟ್ಟುಹೋದವರೆಲ್ಲರೂ ಅಧಿಕಾರಿಗಳೇ. ಅವರಲ್ಲಿ ಒಬ್ಬರ ಕೋಪ ಇನ್ನೊಬ್ಬರಿಗೆ ತಿಳಿಯದು. ಒಬ್ಬರ ಆತುರ ಇನ್ನೊಬ್ಬರಿಗೆ ಲಕ್ಷ್ಯವಿಲ್ಲ. ಊರಿಗೆಲ್ಲ ದೀಪಾವಳಿ ಬಂದರೆ ಅವನಿಗೆ ನಿದ್ದೆಗೆಟ್ಟ ರಾತ್ರಿಗಳು ಬರುತ್ತವೆ. ಊರಿನ ಮಕ್ಕಳ ಅಂಗಿಗಳಿಗೆ ಗುಂಡಿ ಹಚ್ಚಿ ಮುಗಿಸುವಷ್ಟರಲ್ಲಿ ತನ್ನ ಮಗುವಿನ ಅಂಗಿಯ ಬಟ್ಟೆ ಕತ್ತರಿಯನ್ನೇ ಕಂಡಿರುವುದಿಲ್ಲ. ಮಳೆ ಅವನ ಒಡೆಯ, ಬರಗಾಲ ಅವನ ಒಡೆಯ, ಅಂಗಡಿಯ ಬಾಡಿಗೆ ಅವನ ಒಡೆಯ. ‘ಇಂದು ನಗದು, ನಾಳೆ ಉದ್ರಿ’ ಎಂದು ಗೋಡೆಗೆ ಹಲಗೆ ಹಾಕಿದವನೂ ಮುಖನೋಡಿ ಉದ್ರಿ ಕೊಡುತ್ತಾನೆ. ಕೊಟ್ಟ ಮೇಲೆ ಕೇಳಲು ನಾಚುತ್ತಾನೆ. ಕೇಳಿದರೆ ಗಿರಾಕಿ ತಪ್ಪುತ್ತಾನೆ, ಕೇಳದಿದ್ದರೆ ಬಂಡವಾಳ ತಪ್ಪುತ್ತದೆ. ಜ್ವರ ಬಂದು ನೌಕರನು ಮಲಗಿದರೆ ಒಂದು ಅರ್ಜಿಯಿಂದ ಮುಗಿಯುತ್ತದೆ. ಅಂಗಡಿಯವನು ಮಲಗಿದರೆ ಬಾಗಿಲು ಮುಚ್ಚುತ್ತದೆ. ಒಂದು ವಾರ ಮುಚ್ಚಿದ ಬಾಗಿಲಿನ ಮುಂದೆ ಗಿರಾಕಿಯ ಕಾಲು ಎದುರಂಗಡಿಯ ಕಡೆಗೆ ಹೊರಳುವುದನ್ನು ಕಲಿಯುತ್ತದೆ.

ಇವೆಲ್ಲ ಕಣ್ಣಿಗೆ ಕಾಣುವ ಕಷ್ಟಗಳು. ಕಾಣದ ಕಷ್ಟ ಒಂದಿದೆ. ನೌಕರನಿಗೆ ಬಯ್ಯಲು ಒಬ್ಬ ಮೇಲಧಿಕಾರಿ ಇರುತ್ತಾನೆ. ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, ಕಾಫಿ ಕುಡಿಯುತ್ತ, ಆ ದಿನದ ತಪ್ಪನ್ನೆಲ್ಲ ಅವನ ತಲೆಯ ಮೇಲೆ ಹೊರಿಸಿ ಹಗುರವಾಗಿ ಉಣ್ಣಬಹುದು. ಈ ಸೌಖ್ಯದ ಬೆಲೆಯನ್ನು ಅದನ್ನು ಕಳೆದುಕೊಂಡವನೇ ಬಲ್ಲ. ಸ್ವಂತ ಕಸುಬಿನವನು ಕೆಟ್ಟ ಬಟ್ಟೆಯನ್ನು ಕೊಂಡರೆ ಕೊಂಡವನು ತಾನೇ. ತಡಮಾಡಿದರೆ ತಡಮಾಡಿದವನು ತಾನೇ. ಮೋಸ ಹೋದರೆ ನಂಬಿದವನು ತಾನೇ. ರಾತ್ರಿ ದೀಪ ಆರಿಸಿದ ಮೇಲೆ ಹಾಸಿಗೆಯಲ್ಲಿ ವಿಚಾರಣೆ ಆರಂಭವಾಗುತ್ತದೆ. ಆರೋಪಿಯೂ ತಾನೇ, ನ್ಯಾಯಾಧೀಶನೂ ತಾನೇ.

ಇಲ್ಲಿಗೆ ಪ್ರಶ್ನೆಯ ತಿರುಳು ಕೈಗೆ ಸಿಕ್ಕಿತು. ‘ಆಳಾಗಿ ದುಡಿ, ಅರಸಾಗಿ ಉಣ್ಣು’ ಎಂಬ ಗಾದೆಯನ್ನು ಎಲ್ಲರೂ ಕೇಳಿದ್ದಾರೆ. ಗಾದೆಯಲ್ಲಿ ಆಳು ಮೊದಲು, ಅರಸು ಆಮೇಲೆ. ಹಗಲು ಒಬ್ಬ, ಇರುಳು ಒಬ್ಬ. ಸ್ವಂತ ಕಸುಬಿನಲ್ಲಿಯಾದರೋ ಆಳೂ ಅರಸೂ ಒಂದೇ ಮೈಯಲ್ಲಿ, ಒಂದೇ ಗಳಿಗೆಯಲ್ಲಿ ವಾಸಮಾಡುತ್ತಾರೆ. ಒಬ್ಬನು ಅಪ್ಪಣೆ ಮಾಡಬೇಕು, ಒಬ್ಬನು ನಡೆಸಬೇಕು. ಒಬ್ಬನು ಲೆಕ್ಕ ಕೇಳಬೇಕು, ಒಬ್ಬನು ಒಪ್ಪಿಸಬೇಕು. ಈ ಇಬ್ಬರ ನಡುವಿನ ಸಂಬಂಧ ಧರ್ಮವಾದುದೇ ಅಲ್ಲವೇ ಎಂಬುದರ ಮೇಲೆ ಆ ಕಸುಬಿನ ಸುಖದುಃಖಗಳೂ ಅದರ ಗೌರವವೂ ನಿಂತಿವೆ. ಈ ಸಂಬಂಧ ಕೆಡುವ ಬಗೆಗಳು ಮೂರು.

ಮೊದಲನೆಯದು, ಆಳು ಅರಸನನ್ನು ವಂಚಿಸುವುದು. ಇದಕ್ಕೆ ಇಂಗ್ಲೆಂಡಿನ ಸಾಹಿತ್ಯಚರಿತ್ರೆಯಲ್ಲಿ ಒಂದು ದೊಡ್ಡ ನಿದರ್ಶನವಿದೆ. ಸ್ಯಾಮ್ಯುಯೆಲ್ ಜಾನ್ಸನ್ನನು ಲೇಖನಿಯನ್ನೇ ನಂಬಿ ಲಂಡನ್ನಿನಲ್ಲಿ ಬಾಳಿದವನು. ೧೭೪೬ರಲ್ಲಿ ಪುಸ್ತಕವ್ಯಾಪಾರಿಗಳೊಡನೆ ೧,೫೭೫ ಪೌಂಡುಗಳಿಗೆ ಕರಾರು ಮಾಡಿಕೊಂಡು, ಇಂಗ್ಲಿಷ್ ನಿಘಂಟನ್ನು ಮೂರು ವರ್ಷಗಳಲ್ಲಿ ಮುಗಿಸುವೆನೆಂದು ಹೊಣೆ ಹೊತ್ತನು. ಸಹಾಯಕರ ಸಂಬಳವೂ ಆ ಹಣದಲ್ಲಿಯೇ ಕಳೆಯಬೇಕು. ನಿಘಂಟು ಹೊರಬಂದದ್ದು ೧೭೫೫ರಲ್ಲಿ. ಅಷ್ಟು ದೊಡ್ಡ ಕೀರ್ತಿ ಬಂದ ಮರುವರ್ಷವೇ, ಆರು ಪೌಂಡೂ ತುಂಬದ ಒಂದು ಸಾಲಕ್ಕಾಗಿ ಅವನನ್ನು ಹಿಡಿದರು. ಕಾದಂಬರಿಕಾರ ರಿಚರ್ಡ್‌ಸನ್ನನು ಹಣ ಕಳುಹಿಸಿ ಬಿಡಿಸಬೇಕಾಯಿತು. ಅದೇ ೧೭೫೬ರಲ್ಲಿ ಷೇಕ್ಸ್‌ಪಿಯರನ ನಾಟಕಗಳ ಹೊಸ ಆವೃತ್ತಿಯನ್ನು ಪ್ರಕಟಿಸುವೆನೆಂದು ಜಾನ್ಸನ್ನನು ಚಂದಾದಾರರಿಂದ ಹಣವನ್ನು ಕೂಡಿಸತೊಡಗಿದನು. ಮುಂದಿನ ವರ್ಷವೇ ಮುಗಿಯಬೇಕಾಗಿದ್ದ ಆ ಕೆಲಸ ಮುಗಿದದ್ದು ೧೭೬೫ರಲ್ಲಿ. ನಡುವಿನ ವರ್ಷಗಳಲ್ಲಿ ತನ್ನ ಆಲಸ್ಯವನ್ನು ನೆನೆದು ಅವನು ಪಟ್ಟ ಪಶ್ಚಾತ್ತಾಪಕ್ಕೆ ಅವನ ಪ್ರಾರ್ಥನೆಗಳೇ ಸಾಕ್ಷಿ. ಎಬ್ಬಿಸುವ ಗಂಟೆಯಿಲ್ಲದ ಮನುಷ್ಯ ಮಧ್ಯಾಹ್ನದವರೆಗೆ ಮಲಗುತ್ತಿದ್ದನು. ಅವನಂಥ ಮಹಾಬುದ್ಧಿಯೇ ತನ್ನ ಆಳನ್ನು ಎಬ್ಬಿಸಲಾರದೆ ಹೋಯಿತೆಂದ ಮೇಲೆ ಸಾಮಾನ್ಯರ ಮಾತೇನು? ನೌಕರಿಯಲ್ಲಿ ಶಿಸ್ತು ಹೊರಗಿನಿಂದ ಬರುತ್ತದೆ. ಸ್ವಂತ ಕಸುಬಿನಲ್ಲಿ ಅದನ್ನು ತಾನೇ ಹುಟ್ಟಿಸಿಕೊಳ್ಳಬೇಕು. ಹುಟ್ಟಿಸಿಕೊಳ್ಳಲಾರದವನಿಗೆ ಸ್ವಾತಂತ್ರ್ಯವೇ ವ್ಯಸನವಾಗುತ್ತದೆ.

ಎರಡನೆಯದು ಇದಕ್ಕೆ ತೀರ ವಿರುದ್ಧವಾದುದು: ಅರಸು ಆಳನ್ನು ಹಿಂಸಿಸುವುದು. ಯಾವ ಕಾರಖಾನೆಯ ಯಜಮಾನನೂ ತನ್ನ ಕೂಲಿಯವನಿಂದ ಕಾನೂನು ಮೀರಿ ದುಡಿಸಲು ಅಷ್ಟಿಷ್ಟಾದರೂ ಅಂಜುತ್ತಾನೆ. ತನ್ನಿಂದ ತಾನೇ ದುಡಿಸಿಕೊಳ್ಳುವವನಿಗೆ ಅಂಜಿಕೆ ಯಾರದು? ‘ಈ ಒಂದು ಕೆಲಸ ಮುಗಿಯಲಿ’ ಎಂದು ಬೆಳಗಾಗುತ್ತದೆ. ‘ಈ ಒಂದು ವರ್ಷ ಕಳೆಯಲಿ’ ಎಂದು ತಲೆ ನರೆಯುತ್ತದೆ. ಕಾರ್ಮಿಕರು ಹೋರಾಡಿ ಪಡೆದ ಎಂಟು ಗಂಟೆಯ ದಿನ ಸ್ವಂತ ಅಂಗಡಿಯ ಹೊಸ್ತಿಲನ್ನು ದಾಟಿ ಒಳಗೆ ಬರಲಿಲ್ಲ. ಇಂಥವನು ಉಣ್ಣುವಾಗಲೂ ಅಂಗಡಿಯಲ್ಲಿರುತ್ತಾನೆ. ಮಗಳ ಮದುವೆಯ ಮಂಟಪದಲ್ಲಿಯೂ ಮನಸ್ಸಿನೊಳಗೆ ಲೆಕ್ಕ ಬರೆಯುತ್ತಿರುತ್ತಾನೆ. ಅವನನ್ನು ಲೋಕ ‘ಕಷ್ಟಜೀವಿ’ ಎಂದು ಹೊಗಳುತ್ತದೆ. ಆದರೆ ಪರರ ಮೇಲೆ ಮಾಡಿದರೆ ಕ್ರೌರ್ಯವೆನಿಸುವ ಕೃತ್ಯ ತನ್ನ ಮೇಲೆ ಮಾಡಿಕೊಂಡ ಮಾತ್ರಕ್ಕೆ ಧರ್ಮವಾದೀತೇ ಎಂದು ಕೇಳುವವರಿಲ್ಲ.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು. ಆಳೂ ಅರಸೂ ಒಂದಾಗಿ, ಲೆಕ್ಕಕ್ಕೆ ಬಾರದ ಇನ್ನೊಂದು ಜೀವದ ಮೇಲೆ ಭಾರ ಹೊರಿಸುವುದು. ಇದನ್ನು ಕಾಣಬೇಕಾದರೆ ಇಳಕಲ್ಲಿನ ಒಂದು ನೇಕಾರನ ಮನೆಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಗುಂಡಿಯ ಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತವನು ಲಾಳಿಯೆಸೆಯುತ್ತಾನೆ. ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿದವಳು ಹೆಂಡತಿ. ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆಎಳೆಯಾಗಿ ಕೊಂಡಿ ಹಾಕಿ ಸೇರಿಸುವುದು ಇಳಕಲ್ಲು ಸೀರೆಯ ವೈಶಿಷ್ಟ್ಯ. ಅಂಥ ಕೆಲಸಗಳಿಗೆಲ್ಲ ಮನೆಯವರ ಕೈಗಳೂ ಕೂಡಬೇಕು. ನೇಯ್ದವನು ‘ತನ್ನ ಸೀರೆ’ ಎನ್ನುತ್ತಾನೆ, ಪೇಟೆ ‘ಅವನ ಸೀರೆ’ ಎನ್ನುತ್ತದೆ. ಕಂಡಿಕೆ ಸುತ್ತಿದ ಕೈಗೆ ಹೆಸರೂ ಇಲ್ಲ, ಮಜೂರಿಯೂ ಇಲ್ಲ. ಇದು ಒಂದು ಮನೆಯ ಸಂಗತಿಯಲ್ಲ. ಭಾರತದಲ್ಲಿ ದುಡಿಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸ್ವಂತ ಉದ್ಯೋಗದವರೆಂದು ಸರ್ಕಾರದ ಶ್ರಮಬಲ ಸಮೀಕ್ಷೆಗಳು ಹೇಳುತ್ತವೆ. ಆ ಎಣಿಕೆಯೊಳಗೆ, ಕೂಲಿಯಿಲ್ಲದೆ ಮನೆಯ ಕಸುಬಿಗೆ ನೆರವಾಗುವವರನ್ನೂ ‘ಸ್ವಂತ ಉದ್ಯೋಗಿ’ಗಳೆಂದೇ ಸೇರಿಸಿದ್ದಾರೆ; ಅವರಲ್ಲಿ ಹೆಂಗಸರೇ ಹೆಚ್ಚು. ಸ್ವಂತವೆಂಬ ಮಾತು ಅವರ ಪಾಲಿಗೆ ಎಷ್ಟು ಸ್ವಂತ? ಗಂಡನು ನೌಕರಿಯನ್ನು ಬಿಟ್ಟು ಸ್ವತಂತ್ರನಾಗುವ ದಿನ ಹೆಂಡತಿಯು ಸಂಬಳವಿಲ್ಲದ ನೌಕರಿಗೆ ಸೇರುತ್ತಾಳೆಂಬುದನ್ನು ಎಷ್ಟು ಮನೆಗಳಲ್ಲಿ ಮೊದಲೇ ಕುಳಿತು ಮಾತಾಡಿಕೊಂಡಿರುತ್ತಾರೆ?

ಇಷ್ಟರ ಮೇಲೆ, ಹೆಸರಿಗೆ ಮಾತ್ರ ಸ್ವಂತವಾದ ಕಸುಬುಗಳೂ ಉಂಟು. ಅದೇ ನೇಕಾರನು ನೂಲನ್ನು ಸಾಹುಕಾರನಿಂದ ಮುಂಗಡವಾಗಿ ತಂದು, ಸೀರೆಯನ್ನು ಅವನಿಗೇ ಅವನು ಹೇಳಿದ ಬೆಲೆಗೆ ಒಪ್ಪಿಸುವವನಾದರೆ, ಮಗ್ಗ ಮನೆಯಲ್ಲಿದ್ದರೂ ಒಡೆತನ ಬೇರೆಡೆಯಲ್ಲಿರುತ್ತದೆ. ನಷ್ಟ ಬಂದರೆ ಅವನು ಸ್ವತಂತ್ರ, ಲಾಭ ಬಂದರೆ ಅವನು ಕೂಲಿಯಾಳು. ಇಂದಿನ ಪಟ್ಟಣಗಳಲ್ಲಿ ಈ ಹಳೆಯ ಸಾಹುಕಾರಿಕೆ ಹೊಸ ವೇಷದಲ್ಲಿ ಬಂದಿದೆ. ಬೈಸಿಕಲ್ಲನ್ನೋ ಮೋಟಾರನ್ನೋ ತಾನೇ ಕೊಂಡು, ಎಣ್ಣೆಯನ್ನು ತಾನೇ ಹಾಕಿ, ಮನೆಮನೆಗೆ ಊಟ ಮುಟ್ಟಿಸುವ, ಜನರನ್ನು ಒಯ್ಯುವ ತರುಣನನ್ನು ಕಂಪನಿಯವರು ‘ಪಾಲುದಾರ’ ಎಂದು ಕರೆಯುತ್ತಾರೆ. ಅವನ ಕೈಯಲ್ಲಿರುವ ಫೋನು ಎಲ್ಲಿಗೆ ಹೋಗಬೇಕೆಂದು ಹೇಳುತ್ತದೆ, ಬೆಲೆಯನ್ನು ಹೇಳುತ್ತದೆ, ತಡವಾದರೆ ಶಿಕ್ಷೆಯನ್ನೂ ವಿಧಿಸುತ್ತದೆ. ಮುಖವಿಲ್ಲದ ಆ ಒಡೆಯನ ಮುಂದೆ ಕೈಮುಗಿದು ಬೇಡಿಕೊಳ್ಳುವುದಕ್ಕೂ ಆಸ್ಪದವಿಲ್ಲ. ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು ೨೦೨೧ರ ಫೆಬ್ರವರಿಯಲ್ಲಿ, ಇಂಥ ಒಂದು ಕಂಪನಿಯ ಮೋಟಾರು ನಡೆಸುವವರು ಸ್ವತಂತ್ರ ವ್ಯಾಪಾರಿಗಳಲ್ಲ, ಕನಿಷ್ಠ ವೇತನಕ್ಕೂ ರಜೆಗೂ ಹಕ್ಕುಳ್ಳ ಕೆಲಸಗಾರರು ಎಂದು ತೀರ್ಪು ಕೊಟ್ಟಿತು. ಕರ್ನಾಟಕವೂ ೨೦೨೫ರಲ್ಲಿ ಇಂಥ ದುಡಿಮೆಗಾರರ ಸಾಮಾಜಿಕ ಭದ್ರತೆಗಾಗಿ ಒಂದು ಕಾಯಿದೆಯನ್ನು ಮಾಡಿತು. ಆದುದರಿಂದ ಒಂದು ಕಸುಬು ನಿಜವಾಗಿ ಸ್ವಂತವೇ ಎಂದು ತಿಳಿಯಬೇಕಾದರೆ ಹೆಸರನ್ನು ನೋಡಬಾರದು. ಎರಡು ಪ್ರಶ್ನೆಗಳನ್ನು ಕೇಳಬೇಕು. ಬೆಲೆಯನ್ನು ಹೇಳುವವರು ಯಾರು? ಬೇಡವೆನ್ನುವ ಶಕ್ತಿ ದುಡಿಯುವವನಿಗೆ ಇದೆಯೇ?

ಹೀಗೆ ದೋಷಗಳನ್ನೆಲ್ಲ ಎಣಿಸಿದ ಮೇಲೆ, ಈ ದಾರಿಯನ್ನು ಹಿಡಿಯುವವರು ಇನ್ನೂ ಏಕೆ ಇದ್ದಾರೆ ಎಂಬ ಪ್ರಶ್ನೆ ಉಳಿಯುತ್ತದೆ. ಹಣದಾಸೆಯೆಂದು ಉತ್ತರ ಕೊಟ್ಟರೆ ಅದು ಅರ್ಧ ಸತ್ಯವೂ ಅಲ್ಲ. ಅನೇಕರು ಇದರಲ್ಲಿ ನೌಕರಿಗಿಂತ ಕಡಿಮೆಯನ್ನೇ ಗಳಿಸುತ್ತಾರೆ. ಗಳಗನಾಥರೆಂದು ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (೧೮೬೯–೧೯೪೨) ಶಾಲಾಮಾಸ್ತರಿಕೆಯನ್ನು ಕಂಡವರು. ಕನ್ನಡದಲ್ಲಿ ಕಾದಂಬರಿಗಳನ್ನು ಬರೆದು, ಅಚ್ಚು ಹಾಕಿಸಿ, ಪುಸ್ತಕದ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಆ ಹೊರೆಯ ತೂಕ ಯಾವ ಸಂಬಳದ ತಕ್ಕಡಿಗೂ ಸಿಕ್ಕುವುದಿಲ್ಲ. ಕನ್ನಡ ಓದುವವರೇ ವಿರಳವಾಗಿದ್ದ ಸೀಮೆಯಲ್ಲಿ, ಬರೆದವನೇ ಓದುಗನ ಬಾಗಿಲಿಗೆ ಬಂದು ನಿಂತನು. ತಾನು ಮಾಡಿದ ವಸ್ತು ಯಾರ ಕೈ ಸೇರಿತು, ಆ ಕೈ ಅದನ್ನು ಹೇಗೆ ಹಿಡಿಯಿತು ಎಂಬುದನ್ನು ಕಣ್ಣಾರೆ ಕಾಣುವ ಭಾಗ್ಯ ದೊಡ್ಡ ಕಚೇರಿಯ ಮೇಜಿನ ಹಿಂದೆ ಕುಳಿತವನಿಗೆ ಅಪರೂಪ. ಅವನು ಒಂದು ಕಾಗದದ ಮೇಲೆ ಒಂದು ಸಹಿಯನ್ನು ಹಾಕುತ್ತಾನೆ. ಆ ಕಾಗದ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದು ಅವನಿಗೆ ತಿಳಿಯದು. ಸ್ವಂತ ಕಸುಬಿನವನ ಕೆಲಸಕ್ಕೆ ಆದಿಯೂ ಅಂತ್ಯವೂ ಇವೆ. ಕಾರ್ಯದ ಫಲ ಸಿಹಿಯಾಗಲಿ ಕಹಿಯಾಗಲಿ, ಮಾಡಿದವನ ಮನೆಗೇ ಬರುತ್ತದೆ. ಇದು ಕಷ್ಟವೂ ಹೌದು, ಮಾನವೂ ಹೌದು. ರಾತ್ರಿಯ ವಿಚಾರಣೆಯಲ್ಲಿ ‘ತಪ್ಪು ತನ್ನದು’ ಎನ್ನಬೇಕಾದವನಿಗೆ ಮಾತ್ರ, ಹಗಲು ‘ಇದು ತನ್ನ ಕೈಯದು’ ಎನ್ನುವ ಅಧಿಕಾರ ಬರುತ್ತದೆ.

ಇದಕ್ಕಿಂತ ದೊಡ್ಡ ಫಲ ಇನ್ನೊಂದಿದೆ. ಅದು ‘ಒಲ್ಲೆ’ ಎನ್ನುವ ಹಕ್ಕು. ಹಾಲೆಂಡಿನ ತತ್ತ್ವಜ್ಞಾನಿ ಸ್ಪಿನೋಜನು ಇದರ ಬೆಲೆಯನ್ನು ತಿಳಿದವನು. ೧೬೫೬ರಲ್ಲಿ, ಇನ್ನೂ ೨೩ ವರ್ಷದವನಾಗಿದ್ದಾಗ, ಆಮ್‌ಸ್ಟರ್‌ಡಾಮಿನ ಯೆಹೂದ್ಯ ಸಮಾಜವು ಅವನನ್ನು ಬಹಿಷ್ಕರಿಸಿತು. ಅವನು ಮಸೂರಗಳನ್ನು ಸಾಣೆಹಿಡಿಯುವ ಕಸುಬಿಗೆ ಕೈಹಾಕಿದನು. ಅವನು ತಯಾರಿಸಿದ ಮಸೂರಗಳನ್ನು ಹೈಗೆನ್ಸನಂಥ ವಿಜ್ಞಾನಿಯೇ ಮೆಚ್ಚಿದ್ದನು. ೧೬೭೩ರಲ್ಲಿ ಹೈಡೆಲ್‌ಬರ್ಗಿನ ವಿದ್ಯಾಪೀಠದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕನಾಗೆಂದು ಅಲ್ಲಿನ ದೊರೆಯಿಂದ ಆಹ್ವಾನ ಬಂದಿತು. ಚಿಂತನೆಗೆ ಪೂರ್ಣ ಸ್ವಾತಂತ್ರ್ಯವುಂಟು, ಆದರೆ ರಾಜ್ಯದ ಮತಧರ್ಮವನ್ನು ಕಲಕಬಾರದು ಎಂಬುದು ಅದರ ಒಕ್ಕಣೆ. ಆ ಸ್ವಾತಂತ್ರ್ಯದ ಎಲ್ಲೆ ಎಲ್ಲಿ ಮುಗಿಯುವುದೆಂದು ತನಗೆ ತಿಳಿಯದೆಂದು ವಿನಯದಿಂದ ಉತ್ತರ ಬರೆದು, ಸ್ಪಿನೋಜನು ಆ ಪೀಠವನ್ನು ಒಲ್ಲೆನೆಂದನು. ಸಾಣೆಯ ಕಸುಬಿನ ಬಲವಿಲ್ಲದಿದ್ದರೆ ಆ ಉತ್ತರ ಅಷ್ಟು ಸುಲಭವಾಗುತ್ತಿರಲಿಲ್ಲ. ಹಸಿದವನ ತತ್ತ್ವಕ್ಕೆ ಕೊರಳು ಸಣ್ಣದು. ಆದರೆ ಬೆಲೆಯನ್ನೂ ಹೇಳಬೇಕು. ೧೬೭೭ರಲ್ಲಿ, ೪೪ನೆಯ ವಯಸ್ಸಿನಲ್ಲಿ, ಅವನು ಶ್ವಾಸಕೋಶದ ರೋಗದಿಂದ ತೀರಿಕೊಂಡನು. ವರ್ಷಗಟ್ಟಲೆ ಉಸಿರಿನೊಡನೆ ಒಳಹೊಕ್ಕ ಗಾಜಿನ ಪುಡಿ ಆ ರೋಗವನ್ನು ಬೆಳೆಸಿರಬೇಕೆಂದು ಅನೇಕರ ಊಹೆ.

ಸ್ಪಿನೋಜನ ಬಾಳಿನ ಇನ್ನೊಂದು ಸಂಗತಿಯನ್ನು ಅವನ ಚರಿತ್ರಕಾರರು ಬರೆದಿಟ್ಟಿದ್ದಾರೆ. ಅವನ ಕಸುಬೊಂದರಿಂದಲೇ ಅವನ ಜೀವನ ಸಾಗಲಿಲ್ಲ. ಸ್ನೇಹಿತರ ನೆರವೂ ಇತ್ತು. ತೀರಿಕೊಂಡ ಒಬ್ಬ ಶಿಷ್ಯನ ಮನೆಯವರು ವರ್ಷಕ್ಕೆ ೫೦೦ ಗಿಲ್ಡರುಗಳ ವರ್ಷಾಶನವನ್ನು ಕೊಡಲು ಬಂದಾಗ, ಅಷ್ಟು ಬೇಡವೆಂದು ಅವನು ಅದನ್ನು ೩೦೦ಕ್ಕೆ ಇಳಿಸಿ ಒಪ್ಪಿಕೊಂಡನಂತೆ. ಇದನ್ನು ಓದುವ ಕನ್ನಡಿಗರಿಗೆ ಹನ್ನೆರಡನೆಯ ಶತಮಾನದ ಕಲ್ಯಾಣದ ಒಂದು ಮನೆ ನೆನಪಿಗೆ ಬಾರದಿರದು. ಮಾರಯ್ಯನು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವವನು. ಆ ಕಾಯಕದಿಂದಲೇ ಆಯ್ದಕ್ಕಿ ಮಾರಯ್ಯನೆಂದು ಹೆಸರಾದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದನು. ಹೆಂಡತಿ ಲಕ್ಕಮ್ಮನು ಸಂತೋಷಪಡಲಿಲ್ಲ. ನಿತ್ಯದ ಅಳತೆಗೆ ಮೀರಿದ ಅಕ್ಕಿ ಮನೆಗೆ ಏಕೆಂದು ಕೇಳಿ, ಹೆಚ್ಚಿನದನ್ನು ತಂದಲ್ಲಿಗೇ ಚೆಲ್ಲಿ ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳೆಂದು ಶರಣರ ಕಥೆ ಹೇಳುತ್ತದೆ. ಸ್ಮೃತಿಕಾರರು ಆಯ್ದು ತಿನ್ನುವ ಬಾಳಿಗೆ ‘ಋತ’ವೆಂದು ಹೆಸರಿಟ್ಟು ಸುಮ್ಮನಾದರು. ಆಯ್ದು ತಿನ್ನುವವನಲ್ಲಿಯೂ ಆಸೆ ಹುಟ್ಟೀತೆಂಬುದನ್ನು ಕಂಡವಳು ಲಕ್ಕಮ್ಮ.

ಈ ಕಥೆಯನ್ನು ನಿರಾಸೆಯ ಉಪದೇಶವೆಂದು ಮಾತ್ರ ತಿಳಿಯುವುದು ವಾಡಿಕೆ. ಅದರಲ್ಲಿ ಸ್ವಂತ ಕಸುಬಿನ ನ್ಯಾಯಶಾಸ್ತ್ರವೇ ಅಡಗಿದೆ. ಸಂಬಳದವನಿಗೆ ‘ಇಷ್ಟು ಸಾಕು’ ಎಂಬ ಗೆರೆಯನ್ನು ಬೇರೊಬ್ಬರು ಎಳೆದಿರುತ್ತಾರೆ; ತಿಂಗಳಿಗೆ ಇಷ್ಟೇ ಬರುವುದೆಂದ ಮೇಲೆ ಆಸೆಗೆ ಹೊರಗಿನ ಕಟ್ಟೆಯುಂಟು. ಸ್ವಂತ ಕಸುಬಿನಲ್ಲಿ ಆ ಕಟ್ಟೆಯಿಲ್ಲ. ಇನ್ನೊಂದು ಗಂಟೆ ಕುಳಿತರೆ ಇನ್ನಷ್ಟು, ಇನ್ನೊಂದು ಸುಳ್ಳು ಹೇಳಿದರೆ ಮತ್ತಷ್ಟು. ಆಳಿಗೆ ಅರಸು ಕೊಡುವ ಹಿಂಸೆಯೂ, ವ್ಯಾಪಾರಕ್ಕೆ ಅಂಟುವ ಅನೃತವೂ ಈ ಒಂದೇ ಬಾಗಿಲಿನಿಂದ ಒಳಗೆ ಬರುತ್ತವೆ. ‘ಸಾಕು’ ಎಂದು ಹೇಳಬಲ್ಲವನೇ ‘ಒಲ್ಲೆ’ ಎಂದೂ ಹೇಳಬಲ್ಲನು. ೫೦೦ನ್ನು ೩೦೦ ಮಾಡಿದವನೇ ಹೈಡೆಲ್‌ಬರ್ಗನ್ನು ಬೇಡವೆಂದನು. ಆದರೆ ಈ ‘ಸಾಕು’ ಯಾರ ಬಾಯಿಂದ ಬರಬೇಕು? ಅರಸಿಗೆ ಆಸೆಯ ಕುರುಡು, ಆಳಿಗೆ ದಣಿವಿನ ಕುರುಡು. ಎರಡರಿಂದಲೂ ಸ್ವಲ್ಪ ದೂರ ನಿಂತ ಜೀವ ಮನೆಯಲ್ಲಿರಬೇಕು. ಅದರ ಮಾತಿಗೆ ಬೆಲೆಯಿರಬೇಕು. ಮಾರಯ್ಯನ ಮನೆಯಲ್ಲಿ ಅಕ್ಕಿ ಅಳೆಯುವ ಹಕ್ಕು ಲಕ್ಕಮ್ಮನಿಗಿತ್ತು. ಕಂಡಿಕೆ ಸುತ್ತುವ ಕೈಗೆ ಲೆಕ್ಕದ ಪುಸ್ತಕವನ್ನೂ ತಿರುವುವ ಹಕ್ಕಿದ್ದರೆ ಆ ಮನೆಯ ಕಸುಬು ನಿಜವಾಗಿ ಸ್ವಂತವಾಯಿತು. ಇಲ್ಲವಾದರೆ ಅಲ್ಲಿ ಒಬ್ಬನ ಸ್ವಾತಂತ್ರ್ಯ ಇನ್ನೊಬ್ಬಳ ದಾಸ್ಯವಾಗಿ ನಡೆಯುತ್ತದೆ.

‘ಸಾಕು’ ಎನ್ನುವುದಕ್ಕೂ ಹೊಟ್ಟೆಯಲ್ಲಿ ಒಂದಿಷ್ಟು ಧೈರ್ಯ ಬೇಕು. ತುಂಬ ಬಡವನಾದವನಿಗೆ ಮಿತಿಯನ್ನು ಬೋಧಿಸುವುದು ಅಪಹಾಸ್ಯ. ಸಾಲದಲ್ಲಿ ಮುಳುಗಿದ ರೈತನೂ ನೇಕಾರನೂ ಒಬ್ಬೊಬ್ಬನಾಗಿ ನಿಂತು ಸಾಹುಕಾರನಿಗೆ ‘ಒಲ್ಲೆ’ ಎನ್ನಲಾರರು. ಇದನ್ನು ಮನಗಂಡ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಗದಗು ತಾಲ್ಲೂಕಿನ ಕಣಗಿನಹಾಳದಲ್ಲಿ, ೧೯೦೪ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯ ಮರುವರ್ಷವೇ, ಅಂದರೆ ೧೯೦೫ರಲ್ಲಿ, ಒಂದು ಪತ್ತಿನ ಸಂಘವನ್ನು ಕಟ್ಟಿಸಿದರು. ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು. ಪ್ರತಿಯೊಬ್ಬನೂ ತನ್ನ ಹೊಲಕ್ಕೆ ತಾನೇ ಒಡೆಯನಾಗಿಯೇ ಇದ್ದು, ಸಾಲದ ವಿಷಯದಲ್ಲಿ ಮಾತ್ರ ಎಲ್ಲರೂ ಒಬ್ಬನ ಬೆನ್ನಿಗೆ ನಿಲ್ಲುವುದು ಇಂಥ ಸಂಘಗಳ ಮರ್ಮ. ಸ್ವಾಧೀನವೆಂದರೆ ಒಂಟಿತನವೆಂದು ತಿಳಿದವರಿಗೆ ಇದು ಉತ್ತರ. ಯಾರ ಹಂಗೂ ಬೇಡವೆನ್ನುವವನು ಕಡೆಗೆ ಅತಿ ಕಠಿಣನಾದವನೊಬ್ಬನ ಹಂಗಿಗೆ ಬೀಳುತ್ತಾನೆ. ಸಮಾನರ ಹಂಗನ್ನು ಒಪ್ಪಿಕೊಂಡವನು ಆ ಹಂಗಿನಿಂದ ಪಾರಾಗುತ್ತಾನೆ.

ಇದರಿಂದ ನೌಕರಿಯನ್ನು ಹಳಿದಂತಾಗುವುದಿಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸಂಸ್ಥಾನದ ಅಧಿಕಾರಿಯಾಗಿದ್ದುಕೊಂಡೇ ಕನ್ನಡದ ಸಣ್ಣಕಥೆಗೆ ತಳಹದಿಯನ್ನು ಹಾಕಿದರು. ಸಂಬಳ ಕೊಡುವ ನಿಶ್ಚಿಂತೆಯಲ್ಲಿ ಬೆಳೆದ ವಿದ್ಯೆಯೂ ಕಲೆಯೂ ಪರೋಪಕಾರವೂ ಕಡಿಮೆಯಿಲ್ಲ. ರೋಗಿಯಾದ ತಾಯಿಯುಳ್ಳವನು, ಓದುವ ತಮ್ಮಂದಿರುಳ್ಳವನು, ತಿಂಗಳ ಕೊನೆಗೆ ನಿಶ್ಚಯವಾಗಿ ಬರುವ ಹಣಕ್ಕಾಗಿ ತನ್ನ ಇಷ್ಟದ ಕಸುಬನ್ನು ಬಿಟ್ಟುಕೊಟ್ಟರೆ, ಅವನನ್ನು ದಾಸನೆನ್ನುವವನ ನಾಲಿಗೆಗೆ ಧರ್ಮ ತಿಳಿಯದು. ಒಲಿದು ಹೊತ್ತ ನೊಗಕ್ಕೆ ಶ್ವವೃತ್ತಿಯೆಂಬ ಹೆಸರು ಸಲ್ಲುವುದಿಲ್ಲ. ಹಾಗೆಯೇ ಮೇಲಧಿಕಾರಿಯ ಮುಖ ಕಂಡರಾಗದೆಂಬ ಒಂದೇ ಕಾರಣದಿಂದ ರಾಜೀನಾಮೆ ಬರೆಯುವವನು ಸ್ವಾತಂತ್ರ್ಯದ ಕಡೆಗೆ ಹೊರಟಿದ್ದಾನೆಂದು ಹೇಳಲಾಗದು. ಅವನು ಆ ಅಧಿಕಾರಿಯನ್ನು ತನ್ನ ಮೈಯೊಳಗೇ ಇಟ್ಟುಕೊಂಡು ಹೊರಟಿರಬಹುದು. ನಾಳೆ ತನ್ನ ಅಂಗಡಿಯಲ್ಲಿ, ಹತ್ತು ವರ್ಷದ ಹುಡುಗನಂತೆ ಹೆದರುವ ತನ್ನ ಆಳಿನ ಮೇಲೆ, ಅದೇ ದನಿಯಲ್ಲಿ ಗದರಬಹುದು.

‘ಆಳಾಗಬಲ್ಲವನು ಅರಸಾಗಬಲ್ಲ’ ಎಂಬುದು ಇನ್ನೊಂದು ಗಾದೆ. ಅದರ ಅರ್ಥವನ್ನು ಸ್ವಂತ ಕಸುಬಿನಷ್ಟು ಚೆನ್ನಾಗಿ ಕಲಿಸುವ ಶಾಲೆ ಇನ್ನೊಂದಿಲ್ಲ. ಆ ಶಾಲೆಯ ಶುಲ್ಕ ಹೆಚ್ಚು. ಅದನ್ನು ಎಷ್ಟೋ ಸಲ ಮನೆಯವರೆಲ್ಲರೂ ಕೂಡಿ ಕಟ್ಟಬೇಕಾಗುತ್ತದೆ. ಕಲಿತವನಿಗೆ ಸಿಗುವುದೂ ಲೋಕ ಎಣಿಸುವ ಸಿರಿಯಲ್ಲ. ತನಗೆ ತಾನು ಅಪ್ಪಣೆ ಮಾಡುವಾಗ ಕ್ರೂರನಾಗದೆ, ತನ್ನ ಅಪ್ಪಣೆಯನ್ನು ತಾನು ನಡೆಸುವಾಗ ಕಳ್ಳನಾಗದೆ, ಬೇಕಾದಲ್ಲಿ ಸಾಕೆಂದೂ ಬೇಡವಾದಲ್ಲಿ ಒಲ್ಲೆನೆಂದೂ ಹೇಳುವ ನಾಲಿಗೆಯೊಂದು ಸಿಗುತ್ತದೆ. ಅದು ಸಿಕ್ಕಿದವನು ನಾಳೆ ಮತ್ತೆ ನೌಕರಿಗೆ ಸೇರಿದರೂ ಸ್ವತಂತ್ರನೇ.

ಆದುದರಿಂದ ಹೆಣ್ಣು ಕೊಡುವ ಮನೆಯ ಹಿರಿಯರು ಸ್ವಂತ ಕಸುಬಿನ ಹುಡುಗನ ವಿಚಾರದಲ್ಲಿ ಅನುಮಾನಪಡುವುದು ತಪ್ಪಲ್ಲ; ಅವರು ಕೇಳುವ ಪ್ರಶ್ನೆ ಮಾತ್ರ ಸಾಲದು. ತಿಂಗಳಿಗೆ ಎಷ್ಟು ಬರುತ್ತದೆ ಎಂಬುದಕ್ಕೆ ಮಳೆಯೂ ಪೇಟೆಯೂ ವರ್ಷಕ್ಕೊಂದು ಉತ್ತರ ಕೊಡುತ್ತವೆ. ಹುಡುಗನು ಮಾತು ಕೊಟ್ಟ ದಿನ ಕೆಲಸ ಮುಗಿಸುತ್ತಾನೆಯೇ, ಸಂಜೆ ಯಾವ ಹೊತ್ತಿಗೆ ಬಾಗಿಲು ಹಾಕುತ್ತಾನೆ, ಮನೆಯ ಹೆಣ್ಣುಮಕ್ಕಳು ಲೆಕ್ಕ ಕೇಳಿದ ದಿನ ಪುಸ್ತಕವನ್ನು ಮುಂದಿಡುತ್ತಾನೆಯೇ, ಇವಿಷ್ಟನ್ನು ವಿಚಾರಿಸಿಕೊಂಡು ಬಂದರೆ ಜಾತಕಕ್ಕಿಂತ ಹೆಚ್ಚಿನ ಸಂಗತಿ ತಿಳಿದೀತು.